ಸಂಜೆ ಐದಕ್ಕೆ ಮಕ್ಕಳಿಗೆ ಎಂತ ಕೊಡೋದು? ಮಲೆನಾಡಿನ ಮನೆಗಳಿಗೆ ತಿಂಡಿ ಆರಿಸುವ ಕ್ರಮ

ಮಲೆನಾಡಿನ ಮಕ್ಕಳ ದಿನ ಉದ್ದ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ಬೆಳಗ್ಗೆ ಏಳೂವರೆಗೇ ಬಸ್ಸೋ ವ್ಯಾನೋ ಹಿಡಿಯುವ ಮಕ್ಕಳಿದ್ದಾರೆ. ಮಧ್ಯಾಹ್ನ ಒಂದು ಗಂಟೆಗೆ ಊಟ. ಮನೆ ಸೇರುವಾಗ ಐದು, ಮಳೆಗಾಲದಲ್ಲಿ ಅದೂ ದಾಟಿರುತ್ತದೆ. ರಾತ್ರಿ ಊಟ ಎಂಟೂವರೆಗೆ ಅಂದ್ರೂ ಎರಡು ಊಟದ ನಡುವೆ ಏಳೂವರೆ ಗಂಟೆ ಆಯ್ತು. ಬ್ಯಾಗ್ ಇಳಿಸುವ ಮೊದಲೇ "ಅಮ್ಮಾ, ತಿನ್ನಕ್ಕೆ ಎಂತ ಇದೆ?" ಅಂತ ಕೇಳುವ ಮಗುವಿಗೆ ನಿಜವಾಗಿಯೂ ಹೊಟ್ಟೆ ಹಸಿದಿರುತ್ತದೆ.

ಆ ಹೊತ್ತಿನಲ್ಲಿ ಕೈಗೆ ಬಿಸ್ಕತ್ತು ಸಿಕ್ಕರೆ ಬಿಸ್ಕತ್ತು ತಿನ್ನುತ್ತಾರೆ, ಬೇಯಿಸಿದ ಗೆಣಸು ಸಿಕ್ಕರೆ ಗೆಣಸು ತಿನ್ನುತ್ತಾರೆ. ಹಸಿದ ಮಗುವಿನ ಎದುರು ನಿಂತು ಒಳ್ಳೇದು ಕೆಟ್ಟದ್ದು ಅಂತ ವಾದ ಮಾಡೋಕೆ ಆಗಲ್ಲ. ತಿಂಡಿ ಆರಿಸುವ ಕೆಲಸ ಮೊದಲೇ ಮುಗಿದಿರಬೇಕು, ಅಂದ್ರೆ ಭಾನುವಾರ ಡಬ್ಬ ತುಂಬುವಾಗ, ಪೇಟೆಗೆ ಹೋಗುವ ಮೊದಲು ಸಾಮಾನಿನ ಚೀಟಿ ಬರೆಯುವಾಗ. ಇದನ್ನು ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಹೊತ್ತು ಗೊತ್ತು ಮಾಡಿ

ಮಗು ಮನೆಗೆ ಬಂದು ಕೈಕಾಲು ತೊಳೆದ ಕೂಡಲೇ ತಿಂಡಿ ಕೊಡಿ. ಹೊಟ್ಟೆ ತುಂಬುವಷ್ಟು ಕೊಡಿ, ಕೂತು ತಿನ್ನಲಿ. ಆರೂವರೆ ಆದ ಮೇಲೆ ಅಡುಗೆಮನೆ ಬಂದ್, ಇನ್ನು ಊಟಕ್ಕೇ. ನಡುವೆ ಬಾಯಾರಿದರೆ ನೀರು.

ಇಷ್ಟು ಬಿಗಿ ಯಾಕೆ ಅಂದ್ರೆ, ಐದು ಗಂಟೆಗೆ ಎರಡು ಬಿಸ್ಕತ್ತು, ಆರಕ್ಕೆ ಒಂದು ಹಿಡಿ ಮಿಕ್ಸ್ಚರ್, ಏಳಕ್ಕೆ ಟಿವಿ ಮುಂದೆ ಇನ್ನೇನೋ ಅಂತ ಬಾಯಾಡಿಸುತ್ತಲೇ ಇದ್ದರೆ ಒಂಬತ್ತಕ್ಕೆ ಅನ್ನ ಇಳಿಯಲ್ಲ. ಹಲ್ಲಿಗೂ ಇದು ಕೆಟ್ಟದ್ದು. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ, ಅದು ಹಲ್ಲಿನ ಮೇಲ್ಪದರ ತಿನ್ನುತ್ತದೆ. ಒಂದೇ ಸಲ ತಿಂದು ಬಾಯಿ ಮುಕ್ಕಳಿಸಿದರೆ ಹಲ್ಲಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಸ್ವಲ್ಪ ಸ್ವಲ್ಪ ದಿನವಿಡೀ ತಿಂದರೆ ಸಿಗಲ್ಲ.

ಶಾಲೆಯಲ್ಲಿ ಏನು ಸಿಗುತ್ತದೆ ಅಂತಲೂ ಕೇಳಿ ಇಟ್ಟುಕೊಳ್ಳಿ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು 2013ರಿಂದ ಇದೆ, 2024ರಲ್ಲಿ ಅದರ ಜೊತೆ ರಾಗಿ ಮಾಲ್ಟ್ ಶುರುವಾಯಿತು, ಬಿಸಿಯೂಟದ ಜೊತೆ ಮೊಟ್ಟೆ ಇಲ್ಲವೇ ಬಾಳೆಹಣ್ಣು ಕೊಡುತ್ತಾರೆ. ಹಾಲು, ಮೊಟ್ಟೆ ಅಲ್ಲೇ ಆಗಿದ್ದರೆ ಮನೆಯಲ್ಲಿ ಕಾಳು, ಹಣ್ಣಿನ ಕಡೆ ಗಮನ ಕೊಡಬಹುದು. ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ ಇದೆಲ್ಲ ಮನೆಯಿಂದಲೇ ಆಗಬೇಕು.

ತಟ್ಟೆಯಲ್ಲಿ ಎರಡು ವಸ್ತು ಇರಲಿ

ಲೆಕ್ಕ ಸುಲಭ. ಹೊಟ್ಟೆಯಲ್ಲಿ ನಿಲ್ಲುವ ಒಂದು ವಸ್ತು: ಕಡಲೆ, ಹೆಸರುಕಾಳು, ಶೇಂಗಾ, ಎಳ್ಳು, ಮೊಟ್ಟೆ, ಮೊಸರು, ಹಾಲು, ಯಾವುದಾದರೂ ಸರಿ. ಅದರ ಜೊತೆ ಒಂದು ಹಣ್ಣೋ ಹಸಿ ತರಕಾರಿಯೋ. ಅಕ್ಕಿ, ಅವಲಕ್ಕಿ, ಮಂಡಕ್ಕಿ ಹೇಗಿದ್ದರೂ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಬೇರೆ ಹೇಳಬೇಕಾಗಿಲ್ಲ.

ಬರೀ ಮಂಡಕ್ಕಿ ಕೊಟ್ಟು ನೋಡಿ, ಒಂದು ಗಂಟೆಯಲ್ಲಿ ಮತ್ತೆ ಹಸಿವು. ಅದೇ ಮಂಡಕ್ಕಿಗೆ ಹುರಿದ ಶೇಂಗಾ ಒಂದು ಹಿಡಿ, ಹುರಿಗಡಲೆ, ತುರಿದ ಕ್ಯಾರೆಟ್, ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪು, ನಾಲ್ಕು ಹನಿ ಕೊಬ್ಬರಿ ಎಣ್ಣೆ, ಮೇಲೆ ನಿಂಬೆಹಣ್ಣು ಹಿಂಡಿ ಕಲಸಿ ಕೊಟ್ಟರೆ ರಾತ್ರಿವರೆಗೂ ತಡೆಯುತ್ತದೆ. ಐದು ನಿಮಿಷದ ಕೆಲಸ. ಮೊಸರವಲಕ್ಕಿಯೂ ಹಾಗೇ, ಅದಕ್ಕೆ ದಾಳಿಂಬೆ ಕಾಳೋ ಬಾಳೆಹಣ್ಣಿನ ಚೂರೋ ಹಾಕಿದರೆ ಬೇರೇನೂ ಬೇಡ.

ನಿಂಬೆಹಣ್ಣು ಬರೀ ರುಚಿಗೆ ಅಂದುಕೊಳ್ಳಬೇಡಿ. ಕಾಳುಗಳಲ್ಲಿ ಇರುವ ಕಬ್ಬಿಣದ ಅಂಶ ಮೈಗೆ ಹತ್ತುವುದೇ ಕಡಿಮೆ, ಜೊತೆಗೆ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಹತ್ತುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಹಾಗಾಗಿ ಹೆಸರುಕಾಳು ಉಸುಲಿಗೆ ನಿಂಬೆ ಹಿಂಡುವುದು, ಶೇಂಗಾ ಉಂಡೆ ಜೊತೆ ಪೇರಲೆ ಹೋಳು ಕೊಡುವುದು ಸಣ್ಣ ವಿಷಯ ಅಲ್ಲ. ಚಹಾ ಇದಕ್ಕೆ ಉಲ್ಟಾ, ಕಬ್ಬಿಣ ಹತ್ತದಂತೆ ಮಾಡುತ್ತದೆ. ನಮ್ಮ ಕಡೆ ಮೂರು ವರ್ಷದ ಮಗುವಿಗೂ ಬಟ್ಟಲಲ್ಲಿ ಚಹಾ ಹಾಕಿ ಬಿಸ್ಕತ್ತು ಅದ್ದಿ ತಿನ್ನಿಸುವ ಅಭ್ಯಾಸ ಇದೆ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ಇದೊಂದನ್ನು ಖಂಡಿತ ನಿಲ್ಲಿಸಿ. ಬಿಸಿ ಏನಾದರೂ ಬೇಕು ಅಂದ್ರೆ ಜೀರಿಗೆ ಕಷಾಯಕ್ಕೆ ಹಾಲು ಜಾಸ್ತಿ, ಬೆಲ್ಲ ಕಡಿಮೆ ಹಾಕಿ ಕೊಡಿ.

ಹಿತ್ತಲಲ್ಲಿ ಈಗ ಏನಿದೆ ನೋಡಿ

ತಿಂಡಿ ಆರಿಸುವಾಗ ಅಂಗಡಿಗಿಂತ ಮೊದಲು ಹಿತ್ತಲಿಗೆ ಹೋಗಿ ಬನ್ನಿ. ಶಿವಮೊಗ್ಗ ಪೇಟೆಯಲ್ಲಿ ಇರುವವರಾದರೆ ಗಾಂಧಿ ಬಜಾರಿಗೆ ಹೋದಾಗ ಹಳ್ಳಿಯಿಂದ ತಂದು ಬುಟ್ಟಿಯಲ್ಲಿಟ್ಟು ಮಾರುವವರ ಹತ್ತಿರ ಒಮ್ಮೆ ನಿಂತು ನೋಡಿ. ಆಯಾ ಕಾಲದ್ದು ಅಗ್ಗವೂ ಹೌದು, ತಾಜಾವೂ ಹೌದು.

ಬೇಸಿಗೆಯಲ್ಲಿ ಯೋಚನೆಯೇ ಇಲ್ಲ. ಮಾವು, ಹಲಸು, ನೇರಳೆ, ಸೊರಬ ಬನವಾಸಿ ಕಡೆಯ ಅನಾನಸು. ಹಲಸಿನ ಹಣ್ಣು ಇದ್ದರೆ ಕಡುಬು ಮಾಡಿ. ಅಕ್ಕಿ ತರಿ, ಹಣ್ಣು, ಕಾಯಿತುರಿ ಇಷ್ಟೇ, ಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲವೂ ಬೇಡ, ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಮೇಲೆ ತುಪ್ಪ ಹಾಕಿ. ಕುಡಿಯಲು ಮುರುಗಲು ಹಣ್ಣಿನ ಪಾನಕ, ನೀರು ಮಜ್ಜಿಗೆ. ಪಾನಕಕ್ಕೆ ಸಕ್ಕರೆ ಕೈ ಬಿಗಿ ಹಿಡಿದು ಹಾಕಿ, ಮಕ್ಕಳ ನಾಲಿಗೆ ಹುಳಿಗೆ ಬೇಗ ಒಗ್ಗುತ್ತದೆ.

ಮಳೆಗಾಲವೇ ಕಷ್ಟದ ಕಾಲ. ಹೊರಗೆ ಹಿಡಿದ ಮಳೆ, ಒಳಗೆ ಕರಿದದ್ದು ತಿನ್ನುವ ಆಸೆ. ಈ ಕಾಲಕ್ಕೆ ಅಂತಲೇ ನಮ್ಮ ಅಜ್ಜಿಯರು ಹಲಸಿನ ಬೇಳೆಯನ್ನು ಮಣ್ಣು ಬಳಿದು ಇಡುತ್ತಿದ್ದರು. ಅದನ್ನು ಉಪ್ಪು ನೀರಲ್ಲಿ ಬೇಯಿಸಿ ಕೊಡಿ, ಒಲೆ ಇದ್ದರೆ ಬೂದಿಯಲ್ಲಿ ಸುಟ್ಟು ಕೊಡಿ. ಒಂದೇ ಸಲ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಏಳೆಂಟು ಬೇಳೆ ಸಾಕು. ಹಲಸಿನ ಹಪ್ಪಳವನ್ನು ಎಣ್ಣೆಯಲ್ಲಿ ಕರಿಯುವ ಬದಲು ಕೆಂಡದ ಮೇಲೆ ಸುಟ್ಟು, ಒಂದು ಚೂರು ಹಸಿ ಕಾಯಿ ಜೊತೆ ಕೊಡಿ. ಹಪ್ಪಳದಲ್ಲಿ ಉಪ್ಪು ಇರುತ್ತದೆ, ಹಾಗಾಗಿ ಒಂದು, ಎರಡಕ್ಕೆ ಮುಗಿಸಿ. ಆಗಸ್ಟ್ ಹೊತ್ತಿಗೆ ಶಿಕಾರಿಪುರ ಕಡೆಯಿಂದ ಹಸಿ ಮೆಕ್ಕೆಜೋಳದ ತೆನೆ ಬರುತ್ತದೆ. ಸುಟ್ಟ ತೆನೆಗೆ ನಿಂಬೆ, ಚೂರು ಖಾರ ಸವರಿ ಕೊಟ್ಟರೆ ಚಿಪ್ಸ್ ಪ್ಯಾಕೆಟ್ ನೆನಪೂ ಆಗಲ್ಲ.

ಚಳಿಗಾಲಕ್ಕೆ ಗೆಣಸು, ನೆಲ್ಲಿಕಾಯಿ, ಕಿತ್ತಳೆ. ಬಾಳೆ, ಪಪ್ಪಾಯಿ ವರ್ಷವಿಡೀ. ದಿನಾ ಬಾಳೆಹಣ್ಣು ಕೊಟ್ಟರೆ ಶೀತ ಆಗುತ್ತೆ ಅಂತ ಹೆದರುವವರು ಜಾಸ್ತಿ. ಶೀತ ಬರುವುದು ವೈರಸ್‌ನಿಂದ. ಧೈರ್ಯವಾಗಿ ಕೊಡಿ.

ಹಣ್ಣನ್ನು ಜ್ಯೂಸ್ ಮಾಡಬೇಡಿ, ಕಚ್ಚಿ ತಿನ್ನಲಿ. ಮೂರು ಕಿತ್ತಳೆ ಹಿಂಡಿದರೆ ಒಂದು ಲೋಟ, ಒಂದೇ ನಿಮಿಷದಲ್ಲಿ ಕುಡಿದು ಮುಗಿಯುತ್ತದೆ, ನಾರೆಲ್ಲ ಕಸಕ್ಕೆ. ಹಾಗೇ ತಿಂದರೆ ಒಂದಕ್ಕೇ ಸಮಾಧಾನ.

ಭಾನುವಾರ ಎರಡು ಡಬ್ಬ ತುಂಬಿ

ಇಡೀ ವಾರದ ತಿಂಡಿ ನಿಂತಿರುವುದು ಈ ಹೆಜ್ಜೆಯ ಮೇಲೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಂತೂ ಇದಿಲ್ಲದೆ ಆಗಲ್ಲ.

ಒಂದು ಡಬ್ಬದಲ್ಲಿ ರಾಗಿ ಹುರಿಹಿಟ್ಟು. ಹುರಿದು ಅರಳಿಸಿದ ರಾಗಿಯ ಹಿಟ್ಟಾದ್ದರಿಂದ ಮತ್ತೆ ಬೇಯಿಸುವ ಕೆಲಸ ಇಲ್ಲ. ಎರಡು ಮೂರು ಚಮಚ ಹಿಟ್ಟು, ಅರ್ಧ ಲೋಟ ಹಾಲು, ಸ್ವಲ್ಪ ಕಾಯಿತುರಿ, ಒಂದು ಚಮಚ ಜೋನಿ ಬೆಲ್ಲ ಹಾಕಿ ಕಲಸಿದರೆ ಆಯ್ತು. ಹತ್ತು ವರ್ಷದ ಮಗು ತಾನೇ ಕಲಸಿಕೊಳ್ಳಬಹುದು. ಸಿಹಿ ಬೇಡ ಅಂದ್ರೆ ಮಜ್ಜಿಗೆ, ಉಪ್ಪು, ಇಂಗಿನ ಒಗ್ಗರಣೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರವೂ ಬರಲ್ಲ. ಹಾಲು ಇಷ್ಟಪಡದ ಮಕ್ಕಳಿಗೆ ಇದು ದೊಡ್ಡ ಆಸರೆ.

ಇನ್ನೊಂದು ಡಬ್ಬದಲ್ಲಿ ಉಂಡೆ. ಎರಡು ಲೋಟ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ಹಾರಿಸಿ. ಅರ್ಧ ಲೋಟ ಎಳ್ಳು ಚಟಪಟ ಅನ್ನುವವರೆಗೆ ಹುರಿಯಿರಿ. ಒಂದು ಲೋಟ ಹುರಿಗಡಲೆಯನ್ನು ಮೊದಲು ಬೇರೆಯಾಗಿ ಪುಡಿ ಮಾಡಿಟ್ಟುಕೊಂಡು, ಶೇಂಗಾ, ಎಳ್ಳು ಇನ್ನೂ ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆಮೇಲೆ ಆ ಹುರಿಗಡಲೆ ಪುಡಿ, ಒಂದು ಲೋಟ ಬೆಲ್ಲದ ಪುಡಿ, ಏಲಕ್ಕಿ ಸೇರಿಸಿ, ಎರಡು ಚಮಚ ತುಪ್ಪ ಬಿಸಿ ಮಾಡಿ ಹಾಕಿ ನಿಂಬೆ ಗಾತ್ರಕ್ಕೆ ಕಟ್ಟಿ. ಪಾಕ ಹಿಡಿಯುವ ತಾಪತ್ರಯ ಇಲ್ಲ. ದಿನಕ್ಕೆ ಒಂದು, ಆಟ ಆಡಿ ಬರುವ ಮಕ್ಕಳಿಗೆ ಎರಡು.

ಬೆಲ್ಲ ಅಂದ ಕೂಡಲೇ ಎಷ್ಟು ಬೇಕಾದರೂ ಕೊಡಬಹುದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಬೆಲ್ಲದಲ್ಲಿ ಕಬ್ಬಿಣ ಸ್ವಲ್ಪ ಇದೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಹಲ್ಲಿಗೂ ತೂಕಕ್ಕೂ ಎರಡರ ಲೆಕ್ಕ ಒಂದೇ.

ಇನ್ನು ಮಲೆನಾಡಿನ ಮಳೆಗೆ ಅಂತಲೇ ಒಂದು ಮಾತು. ಜೂನ್ ಬಂದ ಮೇಲೆ ಶೇಂಗಾವನ್ನು ಮೂಟೆಗಟ್ಟಲೆ ತಂದಿಡಬೇಡಿ, ಅರ್ಧ ಕಿಲೋ ತನ್ನಿ, ತಂದ ದಿನವೇ ಹುರಿದು ಆರಿಸಿ ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ. ತೇವ ಹಿಡಿದ ಶೇಂಗಾ ಮೇಲೆ ಬೆಳೆಯುವ ಒಂದು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಮತ್ತೆ ಹುರಿದರೂ ಪೂರ್ತಿ ಹೋಗಲ್ಲ. ಬಣ್ಣ ಕೆಟ್ಟ, ಸುಕ್ಕಿದ, ಬೂಸ್ಟು ಕಂಡ ಕಾಳನ್ನು ಆರಿಸಿ ಎಸೆಯಿರಿ. ಬಾಯಿಗೆ ಕಹಿ ಆದರೆ ಉಗಿಯಬೇಕು ಅಂತ ಮಕ್ಕಳಿಗೂ ಹೇಳಿಕೊಡಿ. ಡಬ್ಬಕ್ಕೆ ಒದ್ದೆ ಕೈ, ಒದ್ದೆ ಚಮಚ ಹಾಕಲೇಬಾರದು. ಕಮಟು ವಾಸನೆ ಬಂದ ಚಕ್ಕುಲಿ, ಕೋಡುಬಳೆ, ಚಿಪ್ಸ್ ಇದ್ದರೆ ಹಾಳಾಗುತ್ತಲ್ಲ ಅಂತ ಮಕ್ಕಳಿಗೆ ಕೊಟ್ಟು ಮುಗಿಸಬೇಡಿ.

ಬೆಳಗಿನ ದೋಸೆ ಹಿಟ್ಟಿನಲ್ಲಿ ಎರಡು ಸೌಟು ಉಳಿಸುವುದು ಇನ್ನೂ ಸುಲಭದ ದಾರಿ. ಸಂಜೆ ಅದಕ್ಕೆ ತುರಿದ ಸೌತೆಕಾಯಿಯೋ ಕ್ಯಾರೆಟ್ಟೋ ಹಾಕಿ ಹೊಯ್ದು ಕೊಟ್ಟರೆ ಬಿಸಿ ತಿಂಡಿ ಆಯ್ತು.

ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ

ಅಂಗಡಿ ತಿಂಡಿ ತರಲೇಬಾರದು ಅಂತ ನಾನು ಹೇಳಲ್ಲ. ಆದರೆ ಮುಂಭಾಗದ ಚಿತ್ರ ನೋಡಿ ತರಬೇಡಿ. ಗೋಧಿ ತೆನೆ, ಹಾಲಿನ ಲೋಟ, ಹಣ್ಣಿನ ಚಿತ್ರ ಎಲ್ಲ ಮುಂದೆ ಇರುತ್ತವೆ, ನಿಜವಾದ ವಿಷಯ ಹಿಂದೆ ಸಣ್ಣ ಅಕ್ಷರದಲ್ಲಿ.

ಮೊದಲು ಪದಾರ್ಥಗಳ ಪಟ್ಟಿ ಹುಡುಕಿ. ಕಾನೂನಿನ ಪ್ರಕಾರ ತೂಕದಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು. ಮೊದಲ ಮೂರು ಹೆಸರು ಓದಿದರೆ ಆ ತಿಂಡಿಯ ಜಾತಕ ಗೊತ್ತಾಗುತ್ತದೆ. ರಿಫೈನ್ಡ್ ವೀಟ್ ಫ್ಲೋರ್ ಅಂದ್ರೆ ಮೈದಾ. ಆಮೇಲೆ ಶುಗರ್, ಆಮೇಲೆ ಪಾಮ್ ಆಯಿಲ್ ಅಂತ ಇದ್ದರೆ ಅದು ಮೈದಾ, ಸಕ್ಕರೆ, ತಾಳೆ ಎಣ್ಣೆ, ಅಷ್ಟೇ. ಸಕ್ಕರೆಗೆ ಬೇರೆ ಹೆಸರೂ ಇವೆ: ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಫ್ರಕ್ಟೋಸ್. ರಾಗಿ ಬಿಸ್ಕತ್ತು, ಗೋಧಿ ಬಿಸ್ಕತ್ತು ಅಂತ ದೊಡ್ಡದಾಗಿ ಬರೆದಿದ್ದರೆ ಪಟ್ಟಿಯಲ್ಲಿ ರಾಗಿ ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಇರುತ್ತದೆ, ನೋಡಿ. ಉಳಿದದ್ದು ಏನು ಅಂತ ಆಗ ತಿಳಿಯುತ್ತದೆ.

ಆಮೇಲೆ 100 ಗ್ರಾಂಗೆ ಸಕ್ಕರೆ ಎಷ್ಟು ನೋಡಿ. ನಾಲ್ಕು ಗ್ರಾಂ ಅಂದ್ರೆ ಒಂದು ಟೀ ಚಮಚ ಅಂತ ನೆನಪಿಟ್ಟುಕೊಂಡರೆ ಸಾಕು. ಸಾಮಾನ್ಯ ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ 25 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಕ್ರೀಮ್ ಇದ್ದರೆ ಇನ್ನೂ ಜಾಸ್ತಿ. ಮಗು 50 ಗ್ರಾಂನ ಪ್ಯಾಕೆಟ್ ಖಾಲಿ ಮಾಡಿದರೆ ಮೂರು ಚಮಚ ಹೊಟ್ಟೆಗೆ ಹೋಯ್ತು. ಮಾವಿನ ಹಣ್ಣಿನ ಡ್ರಿಂಕ್ ಮೇಲೆ 100 ಮಿಲಿಗೆ 12 ಗ್ರಾಂ ಅಂತ ಇದ್ದರೆ 200 ಮಿಲಿಯ ಡಬ್ಬಿಯಲ್ಲಿ ಆರು ಚಮಚ. ಮೇಲಿಂದ ಹಾಕಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ, ಸಾಧ್ಯವಾದರೆ ಐದಕ್ಕಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 1500 ಕ್ಯಾಲೊರಿ ಬೇಕಾದ ಮಗುವಿಗೆ ಆ ಐದರ ಲೆಕ್ಕ ಹಾಕಿದರೆ 19 ಗ್ರಾಂ, ಅಂದ್ರೆ ಐದು ಚಮಚಕ್ಕೂ ಕಡಿಮೆ. ಒಂದು ಡ್ರಿಂಕ್ ಡಬ್ಬಿಯಲ್ಲೇ ಅದು ದಾಟಿಹೋಯ್ತು ನೋಡಿ.

ಹಾಲಿಗೆ ಬೆರೆಸುವ ಪುಡಿಗಳನ್ನೂ ಹೀಗೇ ತಿರುಗಿಸಿ ನೋಡಿ. ಎಷ್ಟೋ ಡಬ್ಬಗಳಲ್ಲಿ ಮಗುವಿನ ಎತ್ತರದ ಮಾತಿಗಿಂತ ಸಕ್ಕರೆಯೇ ದೊಡ್ಡದು. ಬರೀ ಹಾಲು ಕುಡಿಯದಿದ್ದರೆ ಚಿಟಿಕೆ ಏಲಕ್ಕಿ, ಅರಿಶಿನ, ಇಲ್ಲವೇ ಅದೇ ಹುರಿಹಿಟ್ಟು ಹಾಕಿ.

ಉಪ್ಪು ಎಷ್ಟಿದೆ ಅಂತ ತಿಳಿಯಲು ಸೋಡಿಯಂ ಸಾಲು ನೋಡಿ. 400 ಮಿಲಿಗ್ರಾಂ ಸೋಡಿಯಂ ಅಂದ್ರೆ ಒಂದು ಗ್ರಾಂ ಉಪ್ಪು. ದೊಡ್ಡವರಿಗೇ ಇಡೀ ದಿನಕ್ಕೆ ಐದು ಗ್ರಾಂ ಉಪ್ಪು ದಾಟಬಾರದು, ಮಕ್ಕಳಿಗೆ ಅದಕ್ಕಿಂತ ಕಡಿಮೆ.

ಬೇಕರಿ, ಗಾಡಿ, ಶಾಲೆ ಗೇಟು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಓಡಾಡುವಾಗ ಬೇಕರಿ ವಾಸನೆಗೆ ಮಕ್ಕಳ ಕಾಲು ನಿಲ್ಲುತ್ತದೆ, ಅಲ್ವಾ? ವಾರಕ್ಕೊಮ್ಮೆ ಬೆಣ್ಣೆ ಬಿಸ್ಕತ್ತೋ ಪಫ್ಸೋ ತಿಂದರೆ ಏನೂ ಆಗಲ್ಲ. ದಿನ ಗೊತ್ತು ಮಾಡಿಬಿಡಿ, ಶನಿವಾರ ಅಂದ್ರೆ ಶನಿವಾರ. ಆಗ ಉಳಿದ ದಿನ ಹಠ ಕಡಿಮೆ. ಆದರೆ ಕಡು ಬಣ್ಣದ್ದು ಬೇಡ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮಿಠಾಯಿಯಲ್ಲಿ ಸಿಕ್ಕಿದ್ದ ರೋಡಮಿನ್ ಬಿ ಬಟ್ಟೆಗೆ ಹಾಕುವ ಬಣ್ಣ. ಹಾಗಾಗಿ ಗಾಡಿಯಲ್ಲಿ ಗೋಬಿ ಕೆಂಪಗೆ ಹೊಳೆಯುತ್ತಿದ್ದರೆ, ಬಾಣಲೆಯ ಎಣ್ಣೆ ಕಪ್ಪಾಗಿದ್ದರೆ ಮುಂದೆ ನಡೆಯಿರಿ.

ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿನಿಸು ಮಾರುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಪೋಷಕರ ಸಭೆಯಲ್ಲಿ ಈ ಮಾತು ಎತ್ತಿ. ನಾಲ್ಕು ಜನ ಒಟ್ಟಿಗೆ ಕೇಳಿದರೆ ಶಾಲೆಯವರೂ ಗಮನ ಕೊಡುತ್ತಾರೆ.

ಬೆಳಗಿನ ಬಿಡುವಿನ ಡಬ್ಬಕ್ಕೆ ಹತ್ತು ನಿಮಿಷದಲ್ಲಿ ತಿಂದು ಮುಗಿಯುವಂಥದ್ದು ಹಾಕಿ: ಒಂದು ಉಂಡೆ, ಬಾಳೆಹಣ್ಣು, ಸೌತೆ ಹೋಳು, ಬೇಯಿಸಿದ ಮೊಟ್ಟೆ. ರಸ ಸೋರುವುದು, ಕೈಗೆ ಅಂಟುವುದು ಬೇಡ, ಹಾಗೇ ವಾಪಸ್ ಬರುತ್ತದೆ.

ಮನೆಯಲ್ಲಿ ಚಿಕ್ಕವರಿದ್ದರೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಗೋಡಂಬಿ, ಹುರಿಗಡಲೆ, ಪಾಪ್‌ಕಾರ್ನ್ ಕೊಡಬೇಡಿ. ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ನೇರಳೆ, ಕಿತ್ತಳೆಯ ಬೀಜ ತೆಗೆಯಿರಿ. ಓಡುತ್ತಾ, ನಗುತ್ತಾ, ಚಲಿಸುವ ವಾಹನದಲ್ಲಿ ತಿನ್ನಿಸಬೇಡಿ, ನಮ್ಮ ಘಾಟಿ ರಸ್ತೆಯ ತಿರುವುಗಳಲ್ಲಂತೂ ಬೇಡವೇ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು. ಕಾಡಿನ ಶುದ್ಧ ಜೇನು ಅಂದರೂ ಬೇಡ, ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾವನ್ನು ಎಳೆ ಮಗುವಿನ ಕರುಳು ತಡೆಯಲಾರದು. ಎರಡು ವರ್ಷದವರೆಗೆ ಸಕ್ಕರೆಯೂ ಬೇಡ. ಮರಗೆಣಸನ್ನು ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿ ಕೊಡಿ. ಹಸಿ ಮರಗೆಣಸಿನಲ್ಲಿ ವಿಷದ ಅಂಶ ಇರುತ್ತದೆ.

ತಿನ್ನಲ್ಲ ಅಂತ ಹಠ ಮಾಡಿದರೆ

ಬಿಸ್ಕತ್ತು ರೂಢಿಯಾದ ಮಗು ಮೊದಲ ದಿನವೇ ಉಸುಲಿ ತಿನ್ನಲ್ಲ. ಬೈಯಬೇಡಿ, ಬೆನ್ನು ಹತ್ತಿ ತಿನ್ನಿಸಬೇಡಿ. ತಟ್ಟೆಯಲ್ಲಿ ಅದಕ್ಕೆ ಇಷ್ಟದ್ದು ಒಂದು, ಹೊಸದು ಎರಡು ಚಮಚ ಇಡಿ. ಮುಟ್ಟದಿದ್ದರೆ ಸುಮ್ನೆ ಎತ್ತಿಡಿ, ಮೂರು ದಿನ ಬಿಟ್ಟು ಮತ್ತೆ ಇಡಿ. ಹಲವು ಸಲ ಕಂಡ ಮೇಲೆಯೇ ಮಕ್ಕಳು ಹೊಸ ರುಚಿಗೆ ಬಾಯಿ ತೆರೆಯುವುದು. "ಎರಡರಲ್ಲಿ ಯಾವುದು ಬೇಕು, ಗೆಣಸಾ, ಹೆಸರುಕಾಳಾ?" ಅಂತ ಕೇಳಿ. "ಎಂತ ಬೇಕು?" ಅಂತ ಕೇಳಿದರೆ ಬರುವ ಉತ್ತರ ನಿಮಗೂ ಗೊತ್ತು.

ಹೋಮ್‌ವರ್ಕ್ ಮಾಡಿದರೆ ಚಾಕೊಲೇಟ್ ಅನ್ನುವ ಲಂಚ ಬೇಡ. ಅದರಿಂದ ಚಾಕೊಲೇಟಿನ ಬೆಲೆ ಏರುತ್ತದೆ, ಉಳಿದ ತಿಂಡಿಯದ್ದು ಇಳಿಯುತ್ತದೆ.

ಅಜ್ಜ ಅಜ್ಜಿ, ಅತ್ತೆ ಮಾವ ಪೇಟೆಯಿಂದ ಬರುವಾಗ ಪ್ಯಾಕೆಟ್ ತರುವುದು ಪ್ರೀತಿಗೆ. ತಡೆಯಲು ಹೋದರೆ ಮನಸ್ಸು ನೋಯುತ್ತದೆ. ಅವರ ಹತ್ತಿರ ಮೊದಲೇ ಹೇಳಿ: "ಅತ್ತೆ, ಬರುವಾಗ ನಿಮ್ಮ ಹಿತ್ತಲಿನ ಪೇರಲೆ ನಾಲ್ಕು ತನ್ನಿ, ಇವನಿಗೆ ಅದೇ ಬೇಕಂತೆ." ತೋಟದ್ದು ಕೇಳಿದರೆ ಬೇಡ ಅನ್ನುವ ಅತ್ತೆ ನಮ್ಮ ಕಡೆ ಇಲ್ಲ. ಜೊತೆಗೆ ಒಂದು ಪ್ಯಾಕೆಟ್ ತಂದೇಬಿಟ್ಟರೆ ಅದು ಶನಿವಾರದ ಡಬ್ಬಕ್ಕೆ.